ಕರ್ಣಪಿಶಾಚಿ ಮೀಮಾಂಸೆ: ಪಾಡ್‌ಕಾಸ್ಟ್ ಶ್ರವಣದ ಕೆಲವು ತಾತ್ವಿಕ ನೆಲೆಗಳು

1. ಪ್ರಸ್ತಾವನೆ, ವ್ಯಾಪ್ತಿ ಮತ್ತು ಮಿತಿ

ಪ್ರಸ್ತುತ ಪ್ರಬಂಧವು ಗ್ಯಾಜೆಟ್, ವಿಜ್ಞಾನ ಮತ್ತು ಸಂಗೀತ ಎಂಬ ಮೂರು ಜ್ಞಾನಶಿಸ್ತುಗಳ ಪಾಡ್‌ಕಾಸ್ಟ್‌ಗಳನ್ನು ಶ್ರವಣೋತ್ತರ ನೆಲೆಯಲ್ಲಿ ಮುಖಾಮುಖಿಯಾಗುವ ವಿನಮ್ರ ಪ್ರಯತ್ನವಾಗಿದೆ. ಶ್ರವಣೋತ್ತರ ನೆಲೆ, ಅಂದರೆ ಕೇಳಿ ಮುಗಿಸಿದ ಮೇಲೆ. ಹಾಗೆಂದೇ ಬರೆದುಬಿಡಬಹುದಿತ್ತು, ಆದರೆ ಹಾಗೆ ಬರೆಯುವವರಿಗೆ ವಿಚಾರಸಂಕಿರಣಗಳಲ್ಲಿ ಊಟದ ಕೂಪನ್ ಸಿಗುವುದಿಲ್ಲ. ಸದರಿ ಶ್ರವ್ಯ ಕಥನಗಳು ಕೇಳುಗನ ಕಿವಿಯೊಳಗೆ ಕಟ್ಟಿಕೊಡುವ ಅರ್ಥಲೋಕದ ಬಹುಸ್ತರೀಯ ಆಯಾಮಗಳನ್ನು, ಆ ಆಯಾಮಗಳ ಒಳಸುಳಿಗಳನ್ನು, ಒಳಸುಳಿಗಳ ಅನನ್ಯತೆಯನ್ನು ಇಲ್ಲಿ ಗುರುತಿಸಬಹುದಾಗಿದೆ, ಅನುಸಂಧಾನಿಸಬಹುದಾಗಿದೆ, ಬೇಡವೆನಿಸಿದರೆ ಅಲ್ಲಿಯೇ ಬಿಡಬಹುದಾಗಿದೆ.

ಮಿತಿಯ ಬಗ್ಗೆ ಒಂದು ಮಾತು. ಅಧ್ಯಯನಕಾರನಿಗೆ ಇರುವುದು ಎರಡೇ ಕಿವಿ. ಅವುಗಳಲ್ಲಿ ಎಡಗಿವಿಯ ಇಯರ್‌ಬಡ್ಡು ಆಗಾಗ ಕಳಚಿ ಬಸ್ಸಿನ ಸೀಟಿನಡಿಗೆ ಉರುಳುವ ಸ್ವಭಾವದ್ದಾದ ಕಾರಣ, ಪ್ರಬಂಧದ ಕೆಲವು ನಿಲುವುಗಳನ್ನು ಬಲಗಿವಿಯ ನಿಲುವುಗಳೆಂದೇ ಪರಿಗಣಿಸತಕ್ಕದ್ದು.

2. ಚಾರಿತ್ರಿಕ ಹಿನ್ನೆಲೆ

ಕರ್ಣಪಿಶಾಚಿಯನ್ನು ವಶ ಮಾಡಿಕೊಂಡವನ ಕಿವಿಯಲ್ಲಿ ಅದು ಯಾರಿಗೂ ಕೇಳಿಸದಂತೆ ಗುಟ್ಟುಗಳನ್ನು ಉಸುರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಪಾಡ್‌ಕಾಸ್ಟಿನ ಮೂಲರೂಪ ಇದೇ ಎಂಬುದು ಈ ಪ್ರಬಂಧದ ಪ್ರಮೇಯ. ವ್ಯತ್ಯಾಸವೂ ಉಂಟು. ಕರ್ಣಪಿಶಾಚಿ ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತಿತ್ತು. ನಡುವೆ ಹಾಸಿಗೆ ಕಂಪನಿಯ ಡಿಸ್ಕೌಂಟ್ ಕೋಡ್ ಹೇಳುತ್ತಿರಲಿಲ್ಲ.

ಎರಡನೆಯ ಘಟ್ಟ 1935ರ ಮೈಸೂರು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರು ಮಾಡಿ ಅದಕ್ಕೆ 'ಆಕಾಶವಾಣಿ' ಎಂದು ಹೆಸರಿಟ್ಟರು. ಮನೆಯಿಂದಲೇ ಮಾತಾಡಿ ಊರಿಗೆ ಕೇಳಿಸಿದವರು ಎಂಬ ಅರ್ಥದಲ್ಲಿ ಇವರು ಈಗಿನವರ ಪೂರ್ವಸೂರಿ. ಆದರೆ ಮುಂದೆ ಆ ಹೆಸರನ್ನು ಹೊತ್ತ ಸರ್ಕಾರಿ ಸಂಸ್ಥೆಯಲ್ಲಿ ಐದು ನಿಮಿಷದ ಚಿಂತನಕ್ಕೆ ಬಂದವರು ಐದು ನಿಮಿಷಕ್ಕೆ ಆಗುವಷ್ಟು ಬರೆದುಕೊಂಡು ಬರುತ್ತಿದ್ದರು. ಹೆಚ್ಚಾದರೆ ಗಾಜಿನಾಚೆ ಕೂತವರು ಕೈಸನ್ನೆ ಮಾಡುತ್ತಿದ್ದರು. 2005ರಲ್ಲಿ ಆ್ಯಪಲ್ ಕಂಪನಿ ತನ್ನ ಐಟ್ಯೂನ್ಸಿನಲ್ಲಿ ಪಾಡ್‌ಕಾಸ್ಟಿಗೆ ಜಾಗ ಕೊಟ್ಟ ಮೇಲೆ ಗಾಜೂ ಹೋಯಿತು, ಆಚೆ ಕೂತವರೂ ಹೋದರು. ಪಾಡ್‌ಕಾಸ್ಟ್ ಎಂಬ ಹೆಸರಿಗೆ ಕಾರಣವಾದ ಐಪಾಡ್ 2022ರಲ್ಲಿ ತಯಾರಿಕೆ ನಿಲ್ಲಿಸಿಕೊಂಡು ಸುಮ್ಮನಾಯಿತು. ಮಾತು ಮಾತ್ರ ಸುಮ್ಮನಾಗಿಲ್ಲ.

3. ಪೂರ್ವವಿಷಯ ಪ್ರಲಾಪಾವಸ್ಥೆ: ಒಂದು ನಿಕಟ ಓದು

ಗ್ಯಾಜೆಟ್ ಕುರಿತ ಒಂದು ಮಾದರಿ ಕಂತನ್ನು ತೆಗೆದುಕೊಳ್ಳೋಣ. ಮೊದಲು, ಎಲ್ಲರೂ ಬಳಸುವ ಅದೇ ಪುಕ್ಕಟೆ ಸಂಗೀತ. 'ಹಾಯ್ ಹಲೋ ನಮಸ್ಕಾರ, ವೆಲ್ಕಂ ಬ್ಯಾಕ್!' ನಿರೂಪಕರು ಇಬ್ಬರು. ಒಬ್ಬ ಇನ್ನೊಬ್ಬನನ್ನು 'ಏನ್ ಗುರೂ, ವೀಕೆಂಡ್ ಹೆಂಗಿತ್ತು?' ಎಂದು ಕೇಳುತ್ತಾನೆ. ವೀಕೆಂಡಿನಲ್ಲಿ ಮಳೆ. ನಂದಿಬೆಟ್ಟಕ್ಕೆ ಹೋಗಬೇಕೆಂದಿದ್ದವರು ಹೋಗಲಿಲ್ಲ. ಹೋಗದೇ ಇದ್ದುದರ ವಿವರ ಮೂರು ನಿಮಿಷ. ಆಮೇಲೆ 'ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ' ಎಂಬ ಬೋಧನೆ. ಕೇಳುಗನ ಎರಡೂ ಕೈ ಆ ಹೊತ್ತಿಗೆ ಬಸ್ಸಿನ ಕಂಬಿ ಹಿಡಿದಿರುತ್ತವೆ. ಆಮೇಲೆ ಪ್ರಾಯೋಜಕರು. ಆಮೇಲೆ ಇವತ್ತಿನ ವಿಷಯ ಯಾವುದು ಎಂಬ ಘೋಷಣೆ, ಅದು ಯಾಕೆ ಮುಖ್ಯ ಎಂಬ ಪೀಠಿಕೆ, ಪೀಠಿಕೆಗೆ ಇನ್ನೊಬ್ಬನ 'ಹಂಡ್ರೆಡ್ ಪರ್ಸೆಂಟ್, ಹಂಡ್ರೆಡ್ ಪರ್ಸೆಂಟ್'. ವಿಷಯ ಇನ್ನೇನು ಬಂತು ಎನ್ನುವಷ್ಟರಲ್ಲಿ ಕೇಳುಗನ ಸ್ಟಾಪ್ ಬರುತ್ತದೆ.

ಈ ಅವಸ್ಥೆಯನ್ನು ಅಳೆಯಲು 'ವಾಚಾಳತಾ ಗುಣಾಂಕ' ಎಂಬ ಮಾನವನ್ನು ಇಲ್ಲಿ ಮಂಡಿಸಲಾಗಿದೆ. ಮಾತಿನ ಅವಧಿಯನ್ನು ಮಾತಿಗೆ ಕಾರಣವಾದ ಸಂಗತಿಯ ಅವಧಿಯಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಅದು. ಇದರ ಪ್ರಯೋಗ ಮುಂದೆ ಬರುತ್ತದೆ.

4. ವರ್ಗೀಕರಣ

ಪಾಡ್‌ಕಾಸ್ಟ್‌ಗಳನ್ನು ಎಂಟು ವರ್ಗಗಳಾಗಿಯೂ, ಪ್ರತಿ ವರ್ಗವನ್ನು ಮೂರು ಉಪವರ್ಗಗಳಾಗಿಯೂ ವಿಂಗಡಿಸಬಹುದಾಗಿದೆ.

4.1 ಅದೃಶ್ಯ ಪೇಟಿಕಾ ವಿಮೋಚನ ಸಂಪ್ರದಾಯ

ಡಬ್ಬಿ ಬಿಚ್ಚುವುದು. ಕಣ್ಣಿಗೆ ಕಾಣದ ಡಬ್ಬಿಯನ್ನು ಕಿವಿಗೆ ಬಿಚ್ಚಿ ತೋರಿಸುವುದು ಇದರ ವೈಶಿಷ್ಟ್ಯ. ಪ್ಲಾಸ್ಟಿಕ್ ಹಾಳೆಯ ಪರಪರ ಸದ್ದು, ಆಮೇಲೆ 'ನೋಡ್ತಾ ಇದೀರಲ್ಲ, ಫಿನಿಶಿಂಗ್ ಎಷ್ಟು ಪ್ರೀಮಿಯಂ ಆಗಿದೆ' ಎಂಬ ಉದ್ಗಾರ. ಯಾರು ನೋಡುತ್ತಿದ್ದಾರೆ? ಡಬ್ಬಿಯೊಳಗೆ ಇಯರ್‌ಫೋನ್ ಇದ್ದರಂತೂ ಸಂಪ್ರದಾಯ ತನ್ನ ಪರಾಕಾಷ್ಠೆಯನ್ನು ತಲುಪುತ್ತದೆ. 'ಇದರ ಬೇಸ್ ಹೇಗಿದೆ ಕೇಳಿ' ಎಂದು ಒಂದು ತುಣುಕು ಹಾಕುತ್ತಾರೆ. ನಾವು ಅದನ್ನು ನಮ್ಮ ಇಯರ್‌ಫೋನಿನಲ್ಲಿ ಕೇಳುತ್ತೇವೆ. ನಮ್ಮದರ ಬೇಸ್ ಹೇಗಿದೆಯೋ ಹಾಗೇ ಇದೆ.

4.2 ಬಾವಲಿ ಸಂಪ್ರದಾಯ

ಮನುಷ್ಯನ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ಶಬ್ದ ದಕ್ಕುತ್ತದೆ. ಅದೂ ಎಳೆಯ ವಯಸ್ಸಿನಲ್ಲಿ. ವಯಸ್ಸಾದಂತೆ ಮೇಲಿನ ಮೆಟ್ಟಿಲುಗಳು ಒಂದೊಂದಾಗಿ ಉದುರುತ್ತವೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ಸೆಕೆಂಡಿಗೆ 44,100 ಬಾರಿ ಶಬ್ದದ ಮಾದರಿ ತೆಗೆದು 22,000 ಹರ್ಟ್ಸಿನವರೆಗೆ ಹಿಡಿದಿಡಬಲ್ಲದು. ನಮಗೆ ಕೇಳಿಸುವುದೆಲ್ಲ ಅದರಲ್ಲಿದೆ. ಆದರೂ 'ಹೈ-ರೆಸ್' ಎಂಬ ಚಿನ್ನದ ಬಣ್ಣದ ಚೀಟಿ ಅಂಟಿಸಿಕೊಳ್ಳಬೇಕಾದರೆ ಉಪಕರಣವು 40,000 ಹರ್ಟ್ಸ್‌ವರೆಗೆ ನುಡಿಯಬೇಕು. ನಲವತ್ತು ದಾಟಿದ ವಿಮರ್ಶಕ ಕಣ್ಣು ಮುಚ್ಚಿ 'ಮೇಲ್ಗಡೆ ಒಂಥರಾ ಗಾಳಿ ಇದೆ ಗುರೂ' ಎನ್ನುತ್ತಾನೆ. ಬಾವಲಿಯೊಂದು ಒಪ್ಪಿದರೆ ನಾವೂ ಒಪ್ಪಬಹುದು.

ಈ ಗಾಳಿಯನ್ನು ನಮಗೆ ತಲುಪಿಸುವ ಹಾದಿಯೂ ಮನನಯೋಗ್ಯ. ಸಿ.ಡಿ.ಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಮಾಹಿತಿ. ಬ್ಲೂಟೂತಿನಲ್ಲಿ ಬಹಳ ಹೊಗಳಿಸಿಕೊಳ್ಳುವ ಎಲ್‌ಡ್ಯಾಕ್ ಕೂಡ ಅದನ್ನು ಹೆಚ್ಚೆಂದರೆ 990ಕ್ಕೆ ಹಿಂಡಿ ಕಳಿಸುತ್ತದೆ. ಇಷ್ಟನ್ನೂ ವಿವರಿಸುವ ಪಾಡ್‌ಕಾಸ್ಟ್ ನಮ್ಮ ಫೋನಿಗೆ ಇಳಿಯುವುದು ಸಾಮಾನ್ಯವಾಗಿ 128ರಲ್ಲಿ, ಕೆಲವೊಮ್ಮೆ ಇನ್ನೂ ಕಡಿಮೆ.

ಉಪವರ್ಗ 4.2.1ರಲ್ಲಿ 'ಕಂಪನಿಯವರು ರಿವ್ಯೂಗೆ ಅಂತ ಕಳಿಸಿದಾರೆ, ಬಟ್ ಒಪೀನಿಯನ್ ನಂದೇ' ಎಂಬ ಪ್ರಮಾಣವಚನದ ಸಾಂಸ್ಕೃತಿಕ ರಾಜಕಾರಣವನ್ನು ಚರ್ಚಿಸಬೇಕಾಗಿತ್ತು. ಚರ್ಚಿಸುವುದಿಲ್ಲ, ಯಾಕೆಂದರೆ ಚರ್ಚಿಸಲು ಏನೂ ಇಲ್ಲ. ಪುಕ್ಕಟೆ ಬಂದ ಮಾಲನ್ನು ಎರಡು ವಾರ ಇಟ್ಟುಕೊಂಡು ಹೊಗಳಿದರು, ಅಷ್ಟೆ. ಆ ಇಯರ್‌ಬಡ್ಡಿನೊಳಗೆ ಕಡಲೆಕಾಳಿನಷ್ಟು ಲಿಥಿಯಂ ಬ್ಯಾಟರಿ ಇರುತ್ತದೆ. ಅಂಟು ಹಾಕಿ ಮುಚ್ಚಿರುತ್ತಾರೆ. ಮುನ್ನೂರು, ಐನೂರು ಸಲ ಚಾರ್ಜ್ ಆಗುವಷ್ಟರಲ್ಲಿ ಅದರ ಕಸುವು ಇಳಿಯುತ್ತದೆ. ದಿನಾ ಬಳಸುವವರಿಗೆ ಎರಡು ವರ್ಷ ಬಂದರೆ ದೊಡ್ಡದು. ಬ್ಯಾಟರಿ ಬದಲಿಸಲು ಬರುವುದಿಲ್ಲ. ರಿಪೇರಿ ಅಂಗಡಿಯವನು ಕೈಗೆ ತೆಗೆದುಕೊಂಡು ನೋಡುವುದೂ ಇಲ್ಲ, 'ಹೊಸಾದು ತಗೊಳ್ಳಿ ಸಾರ್' ಎನ್ನುತ್ತಾನೆ. ಮೊದಲ ತಿಂಗಳ ಸಂಬಳದಲ್ಲಿ ಮೂರು ಸಾವಿರ ಕೊಟ್ಟು ಕೊಂಡ ಹುಡುಗಿಗೆ ಇದನ್ನು ಮೊದಲೇ ಹೇಳಬೇಕಾದ್ದು ಯಾರು? ಗಂಟೆಗಟ್ಟಲೆ ಮಾತಾಡುವ ಬಾಯಿಗೆ ಈ ಒಂದು ವಾಕ್ಯ ಮಾತ್ರ ಯಾಕೆ ಬರುವುದಿಲ್ಲ? ಮೇಲ್ಗಡೆಯ ಗಾಳಿ ಕೇಳಿಸುವವನಿಗೆ ಅಂಟಿನ ವಾಸನೆ ಬಡಿಯುವುದಿಲ್ಲವೆ?

ಪ್ರಬಂಧದ ಗಾಂಭೀರ್ಯಕ್ಕೆ ಮರಳೋಣ.

4.3 ವಿಸ್ಮಯೋದ್ಗಾರ ಸಂಪ್ರದಾಯ

ವಿಜ್ಞಾನದ ಪಾಡ್‌ಕಾಸ್ಟ್‌ಗಳು ಬಹುಪಾಲು ಈ ಗುಂಪಿನವು. ವಿಜ್ಞಾನಿ ಒಂದು ವಾಕ್ಯ ಹೇಳುತ್ತಾರೆ, ನಿರೂಪಕ 'ವಾವ್' ಎನ್ನುತ್ತಾನೆ. ವಿಜ್ಞಾನಿ ಎರಡನೆಯ ವಾಕ್ಯ ಶುರು ಮಾಡುವಷ್ಟರಲ್ಲಿ 'ಸೋ ಬೇಸಿಕಲಿ ಏನ್ ಹೇಳ್ತಿದೀರಾ ಅಂದ್ರೆ' ಎಂದು ಮೊದಲನೆಯದನ್ನು ತಪ್ಪಾಗಿ ಅನುವಾದಿಸುತ್ತಾನೆ. ವಿಜ್ಞಾನಿ ಮರ್ಯಾದಸ್ಥರು. 'ಹಾಗೂ ಹೇಳಬಹುದು' ಎನ್ನುತ್ತಾರೆ.

ಗುಣಾಂಕದ ಪ್ರಯೋಗಕ್ಕೆ ಇದು ತಕ್ಕ ಜಾಗ. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೈಗೋ ಉಪಕರಣಗಳು ಎರಡು ಕಪ್ಪುಕುಳಿಗಳು ಒಂದಾದಾಗ ಎದ್ದ ಗುರುತ್ವ ಅಲೆಯನ್ನು ಹಿಡಿದವು. ನೂರಕ್ಕೂ ಹೆಚ್ಚು ಕೋಟಿ ಜ್ಯೋತಿರ್ವರ್ಷ ದೂರದಿಂದ ಬಂದ ಆ ಸಂಕೇತ ಉಪಕರಣದಲ್ಲಿ ಕಂಡಿದ್ದು ಸುಮಾರು 0.2 ಸೆಕೆಂಡು. ಶಬ್ದಕ್ಕೆ ತಿರುಗಿಸಿದರೆ ಒಂದು ಪುಟ್ಟ 'ವೂಪ್'. ಇದರ ಮೇಲಿನ ಒಂದೂವರೆ ಗಂಟೆಯ ಕಂತಿನ ವಾಚಾಳತಾ ಗುಣಾಂಕ 27,000. ಅಷ್ಟು ಮಾತಾಡಲಿ, ತಪ್ಪಿಲ್ಲ, ವಿಷಯ ಅಂಥದು. ಆದರೆ ಆ 'ವೂಪ್'ನ ಕೊನೆಯಲ್ಲಿ ಒಂದಾದ ಕಪ್ಪುಕುಳಿ ಬಡಿದ ಗಂಟೆಯ ಹಾಗೆ ಕಂಪಿಸಿ ಬೇಗ ಅಡಗುತ್ತದಲ್ಲ, ಆ ಅನುರಣನವನ್ನು ಲೆಕ್ಕದಲ್ಲಿ ಮೊದಲು ಕಂಡವರು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ. 1970ರಲ್ಲಿ, 'ನೇಚರ್' ಪತ್ರಿಕೆಯಲ್ಲಿ. ಬೆಂಗಳೂರಿನ ನೆಹರೂ ತಾರಾಲಯಕ್ಕೆ ಮೊದಲ ನಿರ್ದೇಶಕರು. ಕಾಗದದ ಮೇಲೆ ತಾವು ಕಂಡದ್ದನ್ನು ಉಪಕರಣಗಳು ಹಿಡಿದ ಸುದ್ದಿಯನ್ನು ನಾಲ್ಕೂವರೆ ದಶಕ ಕಳೆದ ಮೇಲೆ, 2016ರ ಫೆಬ್ರವರಿಯಲ್ಲಿ ಕೇಳಿ, ಮರುವರ್ಷ ಜನವರಿಯಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲೇ ಕೂತು, ಕನ್ನಡದಲ್ಲೇ, ಗುರುತ್ವ ಅಲೆಯ ಮೇಲೆ ಒಂದೂವರೆ ಗಂಟೆ ಮಾತಾಡುವವರಿಗೆ ಈ ಹೆಸರು ಗೊತ್ತಿರುವುದಿಲ್ಲ. ಗೊತ್ತಿರುವುದು ಹಾಲಿವುಡ್ ಸಿನಿಮಾದ ಹೆಸರು.

ಕಡಿಮೆ ಮಾತಿನಲ್ಲಿ ಆಗದ ಕೆಲಸವೇನೂ ಅಲ್ಲ ಇದು. ಮೈಸೂರಿನ ವಿಜ್ಞಾನಿ ಕೊಳ್ಳೇಗಾಲ ಶರ್ಮ ಅವರು 'ಜಾಣಸುದ್ದಿ'ಯನ್ನು ವಾಟ್ಸ್ಯಾಪಿನಲ್ಲಿ ಹಂಚುತ್ತಿದ್ದರು. ತಿಳಿಗನ್ನಡದಲ್ಲಿ ವಿಜ್ಞಾನದ ಸುದ್ದಿ. ಯಾರೂ 'ವಾವ್' ಎನ್ನುತ್ತಿರಲಿಲ್ಲ. ಎನ್ನುವ ಕೆಲಸವನ್ನು ಕೇಳುಗನಿಗೇ ಬಿಟ್ಟಿದ್ದರು.

4.4 ಕರ್ಣಪುಷ್ಪ ಸಂಪ್ರದಾಯ

ಕಿವಿಗೆ ಹೂ ಇಡುವವರು. 'ಷಡ್ಜವನ್ನು 432 ಹರ್ಟ್ಸಿಗೆ ಇಟ್ಟುಕೊಂಡರೆ ವಿಶ್ವದ ಸ್ಪಂದನಕ್ಕೆ ದೇಹ ಶ್ರುತಿಗೂಡಿ ನಿದ್ದೆ ಬರುತ್ತದೆ, ಸಕ್ಕರೆ ಕಾಯಿಲೆ ಇಳಿಯುತ್ತದೆ.' ಪಶ್ಚಿಮದ ವಾದ್ಯಗಾರರು ತಮ್ಮ ಅನುಕೂಲಕ್ಕೆ ತಮ್ಮದೊಂದು ಸ್ವರವನ್ನು 440 ಎಂದು ಗೊತ್ತುಮಾಡಿಕೊಂಡರು, ಅದಕ್ಕೆ ಜಗಳವಾಡುವವರು 432 ಎಂದರು. ಇದರಲ್ಲಿ ನಮ್ಮ ಷಡ್ಜಕ್ಕೆ ಪಾತ್ರವೇ ಇಲ್ಲ. ಹರ್ಟ್ಸ್ ಎಂದರೆ ಸೆಕೆಂಡಿಗೆ ಇಷ್ಟು ಕಂಪನ. ಸೆಕೆಂಡನ್ನು ಕತ್ತರಿಸಿದ್ದು ಮನುಷ್ಯ. ವಿಶ್ವಕ್ಕೆ ಅದರ ಪರಿಚಯವಿಲ್ಲ. ನಮ್ಮ ಯಕ್ಷಗಾನದ ಭಾಗವತರು ಹಾರ್ಮೋನಿಯಂ ಮನೆ ನೋಡಿ 'ಕಪ್ಪು ಮೂರು' ಎಂದೋ 'ಬಿಳಿ ನಾಲ್ಕು' ಎಂದೋ ತಮ್ಮ ಗಂಟಲಿಗೆ ಒಗ್ಗುವ ಶ್ರುತಿ ಹಿಡಿದು ಬೆಳಗಿನವರೆಗೆ ಹಾಡುತ್ತಾರೆ. ಯಾರಿಗೂ ನಿದ್ದೆ ಬರುವುದಿಲ್ಲ.

4.5 ಎಂದು ಬರೆದುಕೊಂಡಿದ್ದೇನೆ. ಎಂಟು ವರ್ಗ ಎಂದು ಘೋಷಿಸಿಯೂ ಆಗಿದೆ. ಇರಲಿ, ಉಳಿದವನ್ನು ಪಿಎಚ್‌.ಡಿ. ಮಾಡುವವರು ತುಂಬಿಕೊಳ್ಳಲಿ. ನನಗೆ ಹೇಳಬೇಕಾದ್ದು ಸಂಗೀತದ ಬಗ್ಗೆ.

ಸಂಗೀತದ ಪಾಡ್‌ಕಾಸ್ಟಿನಲ್ಲಿ ಸಂಗೀತ ಇರುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಮೇಲೆ ಒಂದು ಗಂಟೆ ಮಾತಾಡುತ್ತಾರೆ. ಅವರ ಗುರುಗಳ ಕಥೆ, ಬೀಡಿಯ ಕಥೆ, ಧಾರವಾಡದ ಮಳೆ, ಪೇಡೆ. ನಡುವೆ ಹದಿನೈದು ಸೆಕೆಂಡು ಹಾಡು. ಅದರ ಮೇಲೂ ನಿರೂಪಕನ ದನಿ. ಯಾಕೆ ಎಂದರೆ 'ಕಾಪಿರೈಟ್ ಇಶ್ಯೂ ಸಾರ್'. ನಮ್ಮ 1957ರ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮೇಲೆ 60 ವರ್ಷ. 1960ಕ್ಕಿಂತ ಹಿಂದೆ ಬಂದ ಪ್ಲೇಟುಗಳೆಲ್ಲ ಈಗ ಬಿಡುಗಡೆಯಾಗಿವೆ. ಅಬ್ದುಲ್ ಕರೀಂ ಖಾನ್, ಬೆಂಗಳೂರು ನಾಗರತ್ನಮ್ಮ, ಮನ್ಸೂರರೇ ಮೂವತ್ತರ ದಶಕದಲ್ಲಿ ಕೊಟ್ಟ ಪ್ಲೇಟುಗಳು. ಒಂದೊಂದೂ ಸುಮಾರು ಮೂರು ನಿಮಿಷ. ಯಂತ್ರ ತಪ್ಪು ತಿಳಿದು ನೋಟಿಸು ಕಳಿಸಬಹುದು, ನಿಜ. ಅದಕ್ಕೆ ಉತ್ತರ ಬರೆಯಲು ಪುರುಸೊತ್ತಿಲ್ಲದವರಿಗೆ ಪೇಡೆಯ ಬಗ್ಗೆ ಮಾತಾಡಲು ಪುರುಸೊತ್ತಿದೆ.

ಅಂಥದೊಂದು ಪ್ಲೇಟಿಗಾಗಿ ಗಾಯಕಿ ಗೌಹರ್ ಜಾನ್ 1902ರಲ್ಲಿ ಕಲ್ಕತ್ತದ ಹೋಟೆಲ್ ಕೋಣೆಯೊಂದರಲ್ಲಿ ದೊಡ್ಡ ಕೊಳವೆಯ ಬಾಯಿಗೆ ಮುಖ ಕೊಟ್ಟು ಹಾಡಿದರು. ವಿಸ್ತಾರವಾಗಿ ಹಾಡಿ ರೂಢಿಯಿದ್ದವರು ಒಂದು ರಾಗದ ಚೆಲುವನ್ನು ಮೂರು ನಿಮಿಷಕ್ಕೆ ಹೊಂದಿಸಬೇಕು. ಮೈಕ್ ಇಲ್ಲ, ತಿದ್ದಿ ಕೂಡಿಸುವುದಿಲ್ಲ. ಹಾಡಿದರು. ಮುಗಿದ ಮೇಲೆ, ಕೊನೆಯಲ್ಲಿ, ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿದರು. ಪ್ಲೇಟು ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ, ಅಲ್ಲಿನವರಿಗೆ ಇದು ಯಾರದೆಂದು ತಿಳಿಯಬೇಕಲ್ಲ. ಎರಡು ಸೆಕೆಂಡಿನ ಮಾತು, ಅದೂ ಅಗತ್ಯಕ್ಕೆ, ಅದೂ ಹಾಡಾದ ಮೇಲೆ. ಕೊನೆಗಾಲದಲ್ಲಿ ನಾಲ್ವಡಿಯವರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ಕಣ್ಣುಮುಚ್ಚಿದರು.

ಈಗಿನ ಆ್ಯಪುಗಳಲ್ಲಿ ಇನ್ನೊಂದು ಸೌಕರ್ಯ ಬಂದಿದೆ. ಮಾತಿನ ನಡುವಿನ ಮೌನವನ್ನು ತಾನೇ ಹುಡುಕಿ ಕತ್ತರಿಸಿಬಿಡುತ್ತದೆ. ವೀಕೆಂಡ್ ಪುರಾಣಕ್ಕೆ ಒಳ್ಳೆಯದೇ. ಆದರೆ ಅದೇ ಗುಂಡಿ ಒತ್ತಿಟ್ಟುಕೊಂಡವನಿಗೆ ಯಾರೋ ಪುಣ್ಯಾತ್ಮರು ಸಂದರ್ಶನದ ನಡುವೆ ಆಲಾಪದ ತುಣುಕು ಹಾಕಿದರು ಅನ್ನಿ. ಗಾಯಕ ನಿಷಾದದಲ್ಲಿ ನಿಂತು, ಉಸಿರು ಹಿಡಿದು, ಷಡ್ಜಕ್ಕೆ ಹೋಗಲೋ ಬೇಡವೋ ಎಂದು ನಮ್ಮನ್ನು ಕಾಯಿಸುವ ಆ ಜಾಗವಿದೆಯಲ್ಲ, ಅದನ್ನು ಯಂತ್ರ ಖಾಲಿ ಜಾಗವೆಂದು ತಿಳಿದು ತೆಗೆದುಬಿಡುತ್ತದೆ. ನಿಷಾದದ ಬೆನ್ನಿಗೇ ಷಡ್ಜ. ಕಾದದ್ದೇ ಇಲ್ಲ. ಅದರ ಮೇಲೆ ಒಂದೂವರೆ ಪಟ್ಟು ವೇಗ ಬೇರೆ. ಹೀಗೆ ಕೇಳಿ ಬೆಳೆದ ಹುಡುಗರು 'ಹಿಂದೂಸ್ತಾನಿ ತುಂಬಾ ಸ್ಲೋ' ಎನ್ನುವುದಕ್ಕೂ ಹಕ್ಕುಳ್ಳವರಲ್ಲ. ಅವರಿಗೆ ಯಾರೂ ಅದನ್ನು ಕೇಳಿಸಿಯೇ ಇಲ್ಲ. ಅದರ ಬಗ್ಗೆ ಹೇಳಿದ್ದಾರೆ, ಅಷ್ಟೆ.

ಮಾರ್ಗದರ್ಶಕರು ಉಪಸಂಹಾರ ಬೇಕೆನ್ನುತ್ತಾರೆ, ಮುಂದಿನ ಸಂಶೋಧನೆಗೆ ಶಿಫಾರಸು ಬೇಕೆನ್ನುತ್ತಾರೆ. ಶಿಫಾರಸು ಒಂದೇ. ಆ ಮೂರು ನಿಮಿಷದ ಪ್ಲೇಟು ಹಾಕಿ. ಪೂರ್ತಿ ಹಾಕಿ. ಸರಸರ ಎನ್ನುವ ಮುಳ್ಳಿನ ಸದ್ದನ್ನೂ ಬಿಡಿ, ತೊಳೆಯಬೇಡಿ. ಹಾಡು ಮುಗಿಯುವವರೆಗೆ ಇಬ್ಬರೂ ಬಾಯಿ ಮುಚ್ಚಿಕೊಂಡಿರಿ. ಹಾಸಿಗೆ ಕಂಪನಿಯ ಹೆಸರು ಬೇಕಾದರೆ ಆಮೇಲೆ ಹೇಳುವಿರಂತೆ, ಕೇಳೋಣ.