ಬೂಸ್ಟರ್ ಮಾವನ ಹೊಸ ಡಬ್ಬ

ನಮ್ಮ ಸೋದರಮಾವನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದು ರೇಷನ್ ಕಾರ್ಡಿನಲ್ಲೂ ಪಿಂಚಣಿ ಪುಸ್ತಕದಲ್ಲೂ ಕ್ಷೇಮವಾಗಿದೆ. ತುಮಕೂರಿನ ನಮ್ಮ ಬಂಧುಬಳಗಕ್ಕೆ, ಅವರ ಬೀದಿಯವರಿಗೆ, ಬೀದಿ ಕೊನೆಯ ಕಟಿಂಗ್ ಶಾಪಿನವನಿಗೆ ಕೂಡ ಅವರು ಬೂಸ್ಟರ್ ಮಾವ.

ಬೂಸ್ಟರ್ ಅಂದರೆ ಈಗಿನವರಿಗೆ ಕೋವಿಡ್ ಲಸಿಕೆಯ ಮೂರನೇ ಡೋಸು. ಎಂಬತ್ತರ ದಶಕ ಕಂಡವರಿಗೆ ಹಾಗಲ್ಲ. ತಾರಸಿಯ ಮೇಲೊಂದು ಕಬ್ಬಿಣದ ಪೈಪು, ಅದರ ತುದಿಗೆ ಮೀನಿನ ಮುಳ್ಳಿನಂಥ ಅಲ್ಯೂಮಿನಿಯಂ ಆಂಟೆನಾ, ಆಂಟೆನಾದ ಕೊರಳಿಗೆ ತಾಯಿತದ ಹಾಗೆ ಕಟ್ಟಿದ ಪುಟ್ಟ ಬೂಸ್ಟರ್, ಅಲ್ಲಿಂದ ಕಿಟಕಿಯೊಳಕ್ಕೆ ಇಳಿದು ಬರುವ ಚಪ್ಪಟೆ ವೈರು. ಸಿಗ್ನಲ್ಲು 70 ಕಿಲೋಮೀಟರ್ ದೂರದ ಬೆಂಗಳೂರಿನಿಂದ ಬರಬೇಕು. ಕಾಗೆ ಕೂತರೆ ಆಂಟೆನಾ ದಿಕ್ಕು ತಪ್ಪುತ್ತಿತ್ತು. ಕಾಗೆ ಎದ್ದರೂ ತಪ್ಪುತ್ತಿತ್ತು. ಮಾವ ಲುಂಗಿ ಎತ್ತಿಕಟ್ಟಿಕೊಂಡು ತಾರಸಿ ಹತ್ತುತ್ತಿದ್ದರು. ನಾನು ಕೆಳಗೆ ಕಿಟಕಿಗೆ ಆತುಕೊಂಡು, ಒಂದು ಕಣ್ಣು ಟಿವಿಯ ಮೇಲೆ ಇಟ್ಟು, ಕತ್ತು ಮೇಲೆ ಮಾಡಿ ಕೂಗಬೇಕು: "ಬಂತು... ಬಂತು... ಹೋಯ್ತು!"

1987ರಲ್ಲಿ ರಾಮಾಯಣ ಶುರುವಾದ ಮೇಲಂತೂ ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ ಅವರ ಹಾಲಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಇಡೀ ಬೀದಿ ಟಿವಿಗೆ ಕೈಮುಗಿದು ಕೂತಿದ್ದರೆ, ಅದನ್ನು ಕೊಂಡು ತಂದ ಯಜಮಾನ ಬಿಸಿಲಲ್ಲಿ ಪೈಪು ಹಿಡಿದು ನಿಂತಿರುತ್ತಿದ್ದ. "ಬಂತು ಮಾವ!" ಎಂದು ನಾನು ಕೂಗಿದರೆ ಮೇಲಿನಿಂದ, "ಯಾರೋ ಬಂದಿದ್ದು? ಪಿಕ್ಚರ್ರೋ ರಾವಣನೋ?" ಅವರು ಆ ಧಾರಾವಾಹಿಯ ಒಂದು ಕಂತನ್ನೂ ಪೂರ್ತಿ ನೋಡಿದವರಲ್ಲ. ಆ ಬಗ್ಗೆ ಅವರಿಗೆ ಬೇಸರವಿದ್ದಂತೆಯೂ ಕಾಣಲಿಲ್ಲ. ಮಾವನ ಸ್ವಭಾವದ ಕೀಲಿಕೈ ಅಲ್ಲೇ ಇತ್ತು. ನಮಗೆ ಅದು ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಇಂಥವರು ಪ್ರತಿ ಮನೆತನದಲ್ಲೂ ಒಬ್ಬರು ಇರುತ್ತಾರೆ. ಚಿಕ್ಕಪ್ಪ, ಭಾವ, ನಿವೃತ್ತ ಹೆಡ್ ಮಾಸ್ತರು, ಯಾರೋ ಒಬ್ಬರು. ಜೇಬಿನಲ್ಲಿ ಪೆನ್ನಿನ ಪಕ್ಕ ಟೆಸ್ಟರು ಇರುತ್ತದೆ. ಬೇರೆಯವರ ಮನೆಗೆ ಹೋದರೆ ಮೊದಲು ಫ್ಯಾನು ನೋಡುತ್ತಾರೆ, ಆಮೇಲೆ ಮನೆಯವರನ್ನು. ನಮ್ಮ ಮಾವ ಕೆ.ಇ.ಬಿ.ಯಲ್ಲಿ ಲೈನ್‌ಮನ್ ಆಗಿ ಸೇರಿ ಮೇಲೆ ಬಂದವರು. ಮಂಡಲಿಯ ಹೆಸರು ಬದಲಾಗಿ ಕಾಲು ಶತಮಾನವಾದರೂ ಅವರ ಬಾಯಲ್ಲಿ ಅದು ಕೆ.ಇ.ಬಿ.ಯೇ. ಆಂಟೆನಾ ಹೋಗಿ ಕೇಬಲ್ ಬಂತು, ಕೇಬಲ್ಲಿಗೆ ಸೆಟ್‌ಟಾಪ್ ಬಾಕ್ಸು ಬಂತು. ಎಲ್ಲವನ್ನೂ ಅವರು ಒಂದೇ ಮಂತ್ರದಿಂದ ಗೆದ್ದರು: ಕಿತ್ತು ಚುಚ್ಚು, ತಿರುಗಿಸು, ಅದಕ್ಕೂ ಬಗ್ಗದಿದ್ದರೆ ಬಲಗಡೆ ಮಗ್ಗುಲಿಗೆ ಒಂದು ಕೊಡು.

ಈ ಸಲ ಬೇಸಿಗೆಯಲ್ಲಿ ನ್ಯೂಜೆರ್ಸಿಯ ಮಗ ಬಂದು ಹೋದ. ಹೋಗುವ ಹಿಂದಿನ ದಿನ ಒಂದು ಸ್ಟ್ರೀಮಿಂಗ್ ಡಬ್ಬ ತರಿಸಿ, "ಅಪ್ಪಾ, ಇದನ್ನ ಟಿವಿಗೆ ಚುಚ್ಚಿದ್ರೆ ಸಾಕು, ಐದು ನಿಮಿಷದ ಕೆಲಸ" ಎಂದು ಹೇಳಿ ವಿಮಾನ ಹತ್ತಿದ. ಐದು ನಿಮಿಷದ ಕೆಲಸ ಎಂದವರು ಆ ಐದು ನಿಮಿಷ ಎದುರಿಗೆ ಇದ್ದದ್ದನ್ನು ನಾನಂತೂ ಕಂಡಿಲ್ಲ. ಶನಿವಾರ ಬೆಳಗ್ಗೆ ಮಾವನ ಫೋನು ಬಂತು. "ಬಾರೋ, ಸ್ವಲ್ಪ ಟಾರ್ಚ್ ಹಿಡಿಯೋಕೆ ಒಬ್ರು ಬೇಕು."

ಹೋದೆ. ಮಾವ ಅಡಕತ್ತರಿಯಿಂದ ಟೇಪು ಕತ್ತರಿಸಿ, ರಟ್ಟಿನ ಪೆಟ್ಟಿಗೆಯನ್ನು ವಾರಂಟಿಗೆಂದು ಅಟ್ಟಕ್ಕೆ ಕಳಿಸಿ, ಒಳಗಿದ್ದ ಕಾಗದವನ್ನು ಭೂತಗನ್ನಡಿ ಹಿಡಿದು ಓದುತ್ತಿದ್ದರು. ಹತ್ತಾರು ಭಾಷೆಯಲ್ಲಿದ್ದ ಆ ಕಾಗದದಲ್ಲಿ ಕನ್ನಡವಿರಲಿಲ್ಲ. ಇದ್ದ ಭಾಷೆಗಳಲ್ಲೂ ಹೇಳಿದ್ದು ಇಷ್ಟೇ, ಚುಚ್ಚಿ ಮತ್ತು ಆನಂದಿಸಿ. ಅತ್ತೆ ಡಬ್ಬವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. "ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಕಾಲು ಭಾಗವೂ ಇಲ್ವಲ್ರೀ. ಇಷ್ಟಕ್ಕೆ ಐದು ಸಾವಿರವಾ?"

ಟಿವಿ ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಂಡಿತ್ತು. ಅದರ ಬೆನ್ನಿಗೂ ಗೋಡೆಗೂ ನಡುವೆ ನಾಲ್ಕು ಬೆರಳು ಜಾಗ. ಎಚ್‌ಡಿಎಂಐ ಕಿಂಡಿಗಳು ಇರುವುದು ಅಲ್ಲೇ. ಮಾವ ಕೆನ್ನೆಯನ್ನು ಗೋಡೆಗೆ ಒತ್ತಿ, ಹಸುವಿನ ಹೆರಿಗೆ ಮಾಡಿಸುವ ವೈದ್ಯರಂತೆ ಮೊಳಕೈವರೆಗೆ ತೂರಿಸಿ, ಕಣ್ಣು ಮುಚ್ಚಿಕೊಂಡು ತಡಕಿದರು. "ಸಿಕ್ತು" ಎಂದರು. ಸಿಕ್ಕಿದ್ದು ಕೇಬಲ್ ಬಾಕ್ಸಿನದು. ಅದು ಕಳಚಿಕೊಂಡ ಕ್ಷಣವೇ ಅತ್ತೆ ನೋಡುತ್ತಿದ್ದ ಚಂದನ ಮಾಯವಾಯಿತು. ಮುಂದಿನ ಅರ್ಧ ಗಂಟೆ ಇದ್ದದ್ದನ್ನು ವಾಪಸ್ ಜೋಡಿಸಲು ಹೋಯಿತು.

ಆಮೇಲೆ ಪ್ಲಗ್ ಪಾಯಿಂಟಿನ ಸಮಸ್ಯೆ. ಒಂದರಲ್ಲಿ ಟಿವಿ, ಇನ್ನೊಂದರಲ್ಲಿ ಕೇಬಲ್ ಬಾಕ್ಸು, ಮೂರನೆಯದರಲ್ಲಿ ಸೊಳ್ಳೆ ಓಡಿಸುವ ಯಂತ್ರ. ಡಬ್ಬದ ಅಡಾಪ್ಟರಿಗೆ ಜಾಗವಿಲ್ಲ. ಟಿವಿಯ ಯುಎಸ್‌ಬಿ ಕಿಂಡಿಯಿಂದಲೇ ಕರೆಂಟು ಕೊಟ್ಟರಾಯಿತು ಅಂದೆ. ಡಬ್ಬ ಕಣ್ಣು ಬಿಟ್ಟಿತು, ಕಂಪನಿಯ ಹೆಸರು ತೋರಿಸಿತು, ಕಣ್ಣು ಮುಚ್ಚಿತು. ಮತ್ತೆ ಬಿಟ್ಟಿತು, ಹೆಸರು ತೋರಿಸಿತು, ಮುಚ್ಚಿತು. ಆರು ಸಲ ಹೀಗೇ ಆಯಿತು. ಡಬ್ಬವೇ ಕೆಟ್ಟಿದೆ, ವಾಪಸ್ ಕಳಿಸೋಣ ಎಂದು ನಾನು ಹೇಳುವಷ್ಟರಲ್ಲಿ ಮಾವ ಭೂತಗನ್ನಡಿ ಎತ್ತಿಕೊಂಡರು. ಅಡಾಪ್ಟರಿನ ಬೆನ್ನ ಮೇಲೆ 5 ವೋಲ್ಟ್, 1 ಆಂಪಿಯರ್ ಎಂದು ಬರೆದಿತ್ತು. ಟಿವಿಯ ಕಿಂಡಿಯ ಪಕ್ಕ ಟಾರ್ಚ್ ಹಾಕಿಸಿದರೆ 0.5 ಆಂಪಿಯರ್.

"ಹಸಿವಾಗಿದೆ ಕಣೋ ಇದಕ್ಕೆ! ಒಂದು ಮುದ್ದೆ ತಿನ್ನೋನಿಗೆ ಅರ್ಧ ಮುದ್ದೆ ಬಡಿಸಿ, ಯಾಕಪ್ಪ ತೂಕಡಿಸ್ತೀಯ ಅಂದ್ರೆ?"

ಸೊಳ್ಳೆ ಯಂತ್ರ ಕಿತ್ತು ಅಡಾಪ್ಟರು ಹಾಕಿದರು. ಡಬ್ಬ ನೆಟ್ಟಗೆ ಎದ್ದು ಕೂತಿತು. ಮಾವನ ಮುಖದಲ್ಲಿ ಆಗ ಕಂಡ ಕಳೆ ಮಗಳ ಮದುವೆಯಲ್ಲೂ ಕಂಡಿರಲಿಲ್ಲ.

ಆದರೆ ಅಲ್ಲಿಗೆ ಕಿತ್ತು ಚುಚ್ಚುವ ಕಾಲ ಮುಗಿಯಿತು. ಇನ್ನು ಮುಂದಿನದೆಲ್ಲ ಅಕ್ಷರಾಭ್ಯಾಸ. ವೈಫೈ ಪಾಸ್‌ವರ್ಡ್ ಕೇಳಿತು. ಅದನ್ನು ಇಟ್ಟವನು ಮೊಮ್ಮಗ: ದೊಡ್ಡ ಅಕ್ಷರ, ಸಣ್ಣ ಅಕ್ಷರ, ಎರಡು ಅಂಕಿ, ಬಾಲ ಸುತ್ತಿಕೊಂಡ ಒಂದು 'ಎ', ಒಟ್ಟು ಹದಿನೈದು. ರಿಮೋಟಿನಲ್ಲಿ ಅಕ್ಷರವೂ ಇಲ್ಲ, ಅಂಕಿಯೂ ಇಲ್ಲ. ಒಂದು ಬಳೆಯಂಥ ಗುಂಡಿ, ಅಷ್ಟೆ. ತೆರೆಯ ಮೇಲಿನ ಅಕ್ಷರಮಾಲೆಯಲ್ಲಿ ಚೌಕಟ್ಟನ್ನು ಎಡಕ್ಕೆ, ಬಲಕ್ಕೆ, ಕೆಳಕ್ಕೆ ಓಡಿಸಿ ಒಂದೊಂದೇ ಅಕ್ಷರ ಹೆಕ್ಕಬೇಕು. ಕಂಬ ಹತ್ತಿ ಪಳಗಿದ ಮಾವನ ಹೆಬ್ಬೆರಳು ಒಮ್ಮೆ ಒತ್ತಿದರೆ ಚೌಕಟ್ಟು ಮೂರು ಮನೆ ಜಿಗಿಯುತ್ತಿತ್ತು. ಹದಿನಾಲ್ಕನೆಯ ಅಕ್ಷರದಲ್ಲಿ ಒಂದನ್ನು ಅಳಿಸಲು ಹೋಗಿ ಪೂರ್ತಿ ಅಳಿಸಿದರು. ಎರಡನೇ ಸಲ ಟೈಪಿಸಿ ಮುಗಿಸಿದಾಗ ತಪ್ಪು ಎಂದಿತು. ಹಾಕುತ್ತಿದ್ದಂತೆ ಅಕ್ಷರಗಳೆಲ್ಲ ಚುಕ್ಕಿಗಳಾಗಿದ್ದವು. ಹಾಗಾಗಿ ಯಾವುದು ತಪ್ಪೆಂದು ಹೇಳುವವರಿಲ್ಲ. "ನಮ್ಮನೆ ಪಾಸ್‌ವರ್ಡು, ನಮ್ಮನೆ ಟಿವಿ. ಯಾರಿಂದ ಬಚ್ಚಿಡ್ತಿದೆ ಇದು?" ಎಂದು ಅತ್ತೆ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ, ಇವತ್ತಿಗೂ ಹೊಳೆದಿಲ್ಲ.

ವೈಫೈ ಸಿಕ್ಕಿತು. ಸಿಕ್ಕಿದ್ದೇ ತಡ, ಡಬ್ಬ ತನ್ನನ್ನು ತಾನು ಅಪ್‌ಡೇಟ್ ಮಾಡಿಕೊಳ್ಳಲು ಕೂತಿತು. ಅಂಗಡಿಯಿಂದ ಬಂದು ಎರಡು ದಿನ ಆಗಿಲ್ಲ, ಆಗಲೇ ಹಳೆಯದಾಗಿತ್ತು. ಅತ್ತೆ ಒಗ್ಗರಣೆ ಅವಲಕ್ಕಿ ಮಾಡಿದರು, ತಿಂದೆವು, ಕಾಫಿ ಕುಡಿದೆವು. ನೀಲಿ ಗೆರೆ ಮುಕ್ಕಾಲಿಗೆ ಬಂದು ಅಲ್ಲೇ ಧ್ಯಾನಸ್ಥವಾಗಿತ್ತು. ಮಾವನ ಬಲಗೈ ಎರಡು ಸಲ ತಾನಾಗಿ ಮೇಲೆದ್ದಿತು. ಬಾರಿಸಲು ಜಾಗವೇ ಇಲ್ಲ. ಬೆಂಕಿಪೊಟ್ಟಣದಂಥದ್ದಕ್ಕೆ ಎಲ್ಲಿ ಅಂತ ಕೊಡುವುದು? ಕೈ ಇಳಿಸಿ ತೊಡೆಗೆ ಬಾರಿಸಿಕೊಂಡರು.

ಆಮೇಲೆ ಒಂದು ಕೋಡು ತೋರಿಸಿ, ಇದನ್ನು ನಿಮ್ಮ ಫೋನಿನಲ್ಲಿ ಹಾಕಿ ಎಂದಿತು. ಮಾವ ಎದ್ದು ಹೋಗಿ ಕನ್ನಡಕ ತಂದು, ಕ್ಯಾಲೆಂಡರಿನ ಹಾಲಿನ ಲೆಕ್ಕದ ಪಕ್ಕ ದುಂಡಗೆ ಬರೆದುಕೊಂಡು ತಿರುಗುವಷ್ಟರಲ್ಲಿ ಅವಧಿ ಮುಗಿದು ಬೇರೆ ಕೋಡು ಬಂದಿತ್ತು. ಎರಡನೆಯದರಲ್ಲಿ ದುಂಡಗಿದ್ದದ್ದು ಸೊನ್ನೆಯೋ 'ಓ' ಅಕ್ಷರವೋ ಎಂಬ ಚರ್ಚೆಯಲ್ಲಿ ಅದೂ ಹೋಯಿತು. ಮೂರನೆಯದು ಸರಿಯಾಯಿತು. ಖಾತೆ ಮಗನದು, ಆದ್ದರಿಂದ ಓಟಿಪಿ ಹೋದದ್ದು ಮಗನ ಫೋನಿಗೆ. ಇಲ್ಲಿ ಬೆಳಗ್ಗೆ ಹನ್ನೊಂದೂವರೆ ಎಂದರೆ ಬೇಸಿಗೆಯಲ್ಲಿ ನ್ಯೂಜೆರ್ಸಿಯಲ್ಲಿ ರಾತ್ರಿ ಎರಡು. ನಡುರಾತ್ರಿ ಅಪ್ಪನ ಕರೆ ಕಂಡ ಮಗ ಎದೆ ಹಿಡಿದುಕೊಂಡು ಫೋನು ಎತ್ತಿ, "ಏನಾಯ್ತು? ಅಮ್ಮ ಹುಷಾರಾ?" ಎಂದ. "ಅವಳಿಗೇನು, ಅವಲಕ್ಕಿ ತಿಂತಿದಾಳೆ. ಆರು ನಂಬರ್ ಬಂದಿದೆ ನೋಡು, ಬೇಗ ಹೇಳು!"

ಅಂತೂ ಬಣ್ಣಬಣ್ಣದ ಚೌಕಗಳು ಮೂಡಿದವು. ಅತ್ತೆ ಖುಷಿಯಿಂದ ಕೈ ಒರೆಸಿಕೊಂಡು ಬಂದು ಕೂತರು. ಮೊದಲ ಚೌಕ ಒತ್ತಿದರೆ ತಿಂಗಳ ಚಂದಾ ಕೇಳಿತು. ಎರಡನೆಯದು ವರ್ಷದ್ದು ಕೇಳಿತು. "ಡಬ್ಬ ಕೊಂಡಿದ್ದಾಯ್ತಲ್ಲ, ಒಳಗಿರೋದಕ್ಕೂ ಬೇರೆ ದುಡ್ಡಾ?" ಎಂದ ಅತ್ತೆ, "ಹೋಗ್ಲಿ, 'ಥಟ್ ಅಂತ ಹೇಳಿ' ಬರುತ್ತಾ ಇದರಲ್ಲಿ?" ಎಂದು ತಮಗೆ ಬೇಕಾದ ಒಂದೇ ಪ್ರಶ್ನೆ ಕೇಳಿದರು. ನಾನೂ ಮಾವನೂ ಮುಖ ಮುಖ ನೋಡಿಕೊಂಡೆವು. ಈ ಗೊಂದಲದಲ್ಲಿ ರಿಮೋಟು ಮುಟ್ಟದೆ ಬಿಟ್ಟಿದ್ದಕ್ಕೆ ತೆರೆಯ ಮೇಲೆ ತಾನಾಗಿ ಯಾವುದೋ ದೇಶದ ಜಲಪಾತದ ಚಿತ್ರ ಬಂತು, ಆಮೇಲೆ ಹಿಮದ ಬೆಟ್ಟ, ಆಮೇಲೆ ಮರಳುಗಾಡು. ಅತ್ತೆಗೆ ಅದೇ ಹಿಡಿಸಿತು. ಚಂದಾ ಕೇಳದೆ ಬಂದದ್ದು ಅದೊಂದೇ ನೋಡಿ.

ರಿಮೋಟಿಗೆ ಮಾತು ಅರ್ಥವಾಗುತ್ತದೆ ಎಂದು ನಾನು ಬಾಯಿ ತಪ್ಪಿ ಹೇಳಿಬಿಟ್ಟೆ. ಮಾವ ಅದನ್ನು ಬಾಯಿಗೆ ಹಿಡಿದು, ಟ್ರಂಕ್ ಕಾಲ್ ಕಾಲದ ಗಂಟಲಿನಲ್ಲಿ, "ಹಲೋ! ಸ್ವಲ್ಪ ನಾಗರಹಾವು ಹಾಕಪ್ಪಾ!" ಎಂದರು. ಡಬ್ಬ ಒಂದು ಕ್ಷಣ ಯೋಚಿಸಿ, ಹೆಡೆ ಬಿಚ್ಚಿದ ಹಾವುಗಳ ಇಂಗ್ಲಿಷ್ ಸಾಕ್ಷ್ಯಚಿತ್ರಗಳನ್ನು ಸಾಲಾಗಿ ಹರವಿತು. "ಹಾವಲ್ವೋ, ವಿಷ್ಣುವರ್ಧನ್ ನಾಗರಹಾವು!" ಆಗ ಸಿನಿಮಾ ಬಂತು, 2016ರದು. ಮಾವ ಕೇಳಿದ್ದು 1972ರದು, ಪುಟ್ಟಣ್ಣ ಕಣಗಾಲರದು. ಬಂದದ್ದು 2009ರಲ್ಲಿ ತೀರಿಕೊಂಡ ನಟನನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿ ತೋರಿಸಿದ ಹೊಸ ನಾಗರಹಾವು. ಡಬ್ಬದ ಲೆಕ್ಕದಲ್ಲಿ ತಪ್ಪೇನಿರಲಿಲ್ಲ. ವಿಷ್ಣುವರ್ಧನ್ ಇದ್ದಾರೆ, ನಾಗರಹಾವೂ ಇದೆ. ಮಾವ ರಿಮೋಟನ್ನು ಮೆಲ್ಲಗೆ ಕೆಳಗಿಟ್ಟರು. "ಇದಕ್ಕೆ ಕಿವಿ ಇದೆ, ವಯಸ್ಸಾಗಿಲ್ಲ" ಎಂದರು.

ಹಾಕಿದ್ದನ್ನೇ ನೋಡೋಣ ಎಂದು ಕೂತರೆ ಎರಡು ನಿಮಿಷಕ್ಕೊಮ್ಮೆ ಚಿತ್ರ ನಿಂತು ನಡುವೆ ಬಿಳಿ ಬಳೆ ಸುತ್ತತೊಡಗಿತು. ಇಲ್ಲಿ ಮಾವನಿಗೆ ಮತ್ತೆ ಜೀವ ಬಂತು. ರೂಟರು ಎಲ್ಲಿದೆ ಎಂದು ಹುಡುಕಿದರೆ ಅದು ಒಳಕೋಣೆಯಲ್ಲಿ, ಕಬ್ಬಿಣದ ಬೀರುವಿನ ಹಿಂದೆ. ಅದರಲ್ಲಿ ಎರಡು ಬಗೆಯ ಅಲೆ ಇರುತ್ತದೆ, ಐದು ಗಿಗಾಹರ್ಟ್ಸಿನದು ವೇಗದ್ದು ಆದರೆ ಗೋಡೆ ದಾಟಲು ಕಷ್ಟಪಡುತ್ತದೆ, 2.4ರದು ನಿಧಾನ ಆದರೆ ಗೋಡೆಗೆ ಅಷ್ಟು ಹೆದರುವುದಿಲ್ಲ ಎಂದು ವಿವರಿಸಿದೆ. ಮಾವನಿಗೆ ಅಷ್ಟು ಬೇಕಿರಲಿಲ್ಲ. ಬೀರು ಎಂಬ ಒಂದೇ ಪದ ಸಾಕಾಗಿತ್ತು. ಲುಂಗಿ ಎತ್ತಿಕಟ್ಟಿದರು. ರೂಟರನ್ನು ಎರಡೂ ಕೈಯಲ್ಲಿ ಆರತಿ ತಟ್ಟೆಯಂತೆ ಹಿಡಿದು, ವೈರು ಎಳೆದುಕೊಂಡು, ಸ್ಟೂಲು ಹತ್ತಿದರು. "ಹೇಳೋ!"

ನಾನು ಬಾಗಿಲಿಗೆ ಆತುಕೊಂಡು, ಒಂದು ಕಣ್ಣು ಟಿವಿಯ ಮೇಲೆ ಇಟ್ಟು ಕೂಗಿದೆ. "ಬಂತು... ಬಂತು... ಹೋಯ್ತು!"

ಒಂದೊಂದು ಆಂಟೆನಾ ಬಾಗಿಸುತ್ತ, ನಿಲ್ಲಿಸುತ್ತ, ಬೀರುವಿನಿಂದ ಕಿಟಕಿಗೆ, ಕಿಟಕಿಯಿಂದ ದೇವರಮನೆ ಬಾಗಿಲ ಮೇಲಿನ ಗೂಡಿಗೆ ಅವರ ಯಾತ್ರೆ ನಡೆಯಿತು. ಗೂಡಿನಲ್ಲಿಟ್ಟಾಗ ಬಳೆ ನಿಂತಿತು. ಚಿತ್ರ ಕನ್ನಡಿಯಂತೆ ಬಂತು. ಐದು ನಿಮಿಷ ಕಾದೆ, ಕದಲಲಿಲ್ಲ. "ಬಂತು ಮಾವ, ಇಳೀರಿ! ಸಾಕು!"

ಮಾವ ಸ್ಟೂಲಿನ ಮೇಲೇ ನಿಂತಿದ್ದರು. "ಇನ್ನೊಂಚೂರು ತಿರುಗಿಸ್ಲಾ?"

"ಬೇಡ ಮಾವ, ಚೆನ್ನಾಗಿದೆ."

ಅವರು ತಿರುಗಿಸಿದರು. ಹೋಯಿತು.

ಈಗ ಮೂರು ವಾರವಾಯಿತು. ರೂಟರು ಗೂಡಿನಲ್ಲೇ ಇದೆ, ಡಬ್ಬ ಒಂದು ದಿನವೂ ಮುನಿಸಿಕೊಂಡಿಲ್ಲ. ಅತ್ತೆ ಮಧ್ಯಾಹ್ನ ಜಲಪಾತ ನೋಡುತ್ತಾರೆ, ರಾತ್ರಿ ಹಳೆಯ ಕೇಬಲ್ ಬಾಕ್ಸಿನಲ್ಲಿ ಚಂದನ ಹಾಕಿಕೊಳ್ಳುತ್ತಾರೆ. ಮಾವ ಪೇಪರಿನಲ್ಲಿ ಬಂಗಾರದ ರೇಟಿನವರೆಗೆ ಎಲ್ಲ ಓದಿ ಮುಗಿಸಿ ಜಗಲಿಯ ಮೇಲೆ ಸುಮ್ಮನೆ ಕೂತಿರುತ್ತಾರೆ. ಮೊನ್ನೆ ಹೋದಾಗ ಮೆತ್ತಗೆ ಕೇಳಿದರು, "ನಿಮ್ಮನೇಲಿ ಎಲ್ಲ ಸರಿಯಾಗಿ ಬರ್ತಿದೆಯೇನೋ?" ಬರುತ್ತಿದೆ ಎಂದಾಗ ಅವರ ಮುಖ ನೋಡಲಾಗಲಿಲ್ಲ.

ಓದುಗರಲ್ಲಿ ಒಂದು ವಿನಂತಿ. ತುಮಕೂರಿನ ಆಸುಪಾಸಿನಲ್ಲಿ ಯಾರ ಮನೆಯಲ್ಲಾದರೂ ಡಬ್ಬವೊಂದು ಕಣ್ಣು ಬಿಡದೆ ಮಲಗಿದ್ದರೆ, ಬಿಳಿ ಬಳೆ ಸುತ್ತುತ್ತಲೇ ಇದ್ದರೆ, ದಯವಿಟ್ಟು ಮಾವನಿಗೆ ಹೇಳಿ ಕಳಿಸಿ. ಬೆಳಗ್ಗೆ ಹತ್ತರ ಮೇಲೆ ಬಿಡುವಾಗಿರುತ್ತಾರೆ. ದುಡ್ಡು ಬೇಡ, ಕಾಫಿಗೆ ಸಕ್ಕರೆಯೂ ಬೇಡ. ಟಾರ್ಚ್ ಹಿಡಿಯಲು ಒಬ್ಬರು ಇರಲಿ.