ಎಲ್ಲಾ ಗ್ಯಾಸು ಸ್ವಾಮಿ

ನಮ್ಮ ತುಮಕೂರು ಸೀಮೆಯಲ್ಲಿ ಇರುವ ಕಾಯಿಲೆಗಳು ನಾಲ್ಕೇ: ಉಷ್ಣ, ಶೀತ, ನಂಜು ಮತ್ತು ಗ್ಯಾಸು. ಮಿಕ್ಕವೆಲ್ಲ ಅಗಳಕೋಟೆಯ ಮೆಡಿಕಲ್ ಕಾಲೇಜಿನ ಹುಡುಗರನ್ನು ಪರೀಕ್ಷೆಯಲ್ಲಿ ಫೇಲು ಮಾಡಲೆಂದು ಪುಸ್ತಕಕ್ಕೆ ಸೇರಿಸಿದವು. ಕಣ್ಣು ಕೆಂಪಾದರೆ ಉಷ್ಣ. ಮೂಗು ಸೋರಿದರೆ ಶೀತ. ಗಾಯ ಕೀವಾದರೆ ನಂಜು, ಅದಕ್ಕೆ ಮೊನ್ನೆ ತಿಂದ ಬದನೆಕಾಯಿಯೇ ಕಾರಣ. ಈ ಮೂರಕ್ಕೂ ಸೇರದ್ದೆಲ್ಲ ಗ್ಯಾಸು. ಅದು ಹೊಟ್ಟೆಯಲ್ಲಿ ಹುಟ್ಟಿ, ಬೆನ್ನಿಗೆ ಹತ್ತಿ, ಭುಜಕ್ಕೆ ಇಳಿದು, ತಲೆಗೂ ಏರಬಲ್ಲದು. ಕುಣಿಗಲ್ ರಸ್ತೆಯ ಬಸ್ಸಿಗೂ ಇಷ್ಟು ಸ್ಟಾಪುಗಳಿಲ್ಲ.

ಮರಳೂರಿನ ನಮ್ಮ ಫ್ಯಾಮಿಲಿ ಡಾಕ್ಟರ ಕ್ಲಿನಿಕ್ಕಿನಲ್ಲಿ ರೋಗನಿರ್ಣಯ ಹೊರಗಿನ ಬೆಂಚಿನ ಮೇಲೇ ಅರ್ಧ ಮುಗಿದುಹೋಗುತ್ತದೆ. ಪಕ್ಕದಲ್ಲಿ ಕೂತವರು "ಏನಾಗೈತೆ?" ಅಂತ ಕೇಳುತ್ತಾರೆ. ನಾವು ಬಾಯಿ ತೆರೆಯುವಷ್ಟರಲ್ಲಿ "ನಮ್ಮ ಭಾವಂಗೂ ಹಿಂಗೇ ಆಗಿತ್ತು" ಅನ್ನುತ್ತಾರೆ. ಭಾವ ಈಗ ಹೇಗಿದ್ದಾರೆ ಎಂದು ಮಾತ್ರ ಕೇಳಬಾರದು.

ಒಳಗೆ ಹೋದರೆ ಡಾಕ್ಟರು ಮುಟ್ಟುವ ಮೊದಲು ಮಾತಾಡಿಸುತ್ತಾರೆ. ಎಷ್ಟು ದಿನದಿಂದ? ರಾತ್ರಿ ಜಾಸ್ತಿಯೋ ಹಗಲೋ? ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ? ಇದು ಕುಶಲ ವಿಚಾರಣೆ ಅಂದುಕೊಂಡವರು ಮಗಳ ಬಾಣಂತನದವರೆಗೂ ಹೋಗಿಬಿಡುತ್ತಾರೆ. ಆದರೆ ಆ ಮಾತಿನ ನಡುವೆ 'ಕೆಮ್ಮು ಹಿಡಿದು ಎರಡು ವಾರ ಆಯ್ತು' ಎಂಬುದೊಂದು ಉದುರಿದರೆ ಸಾಕು, ಡಾಕ್ಟರು ಸಿರಪ್ಪು ಬಿಟ್ಟು ಕಫದ ಪರೀಕ್ಷೆಗೆ ಬರೆಯುತ್ತಾರೆ. ಕ್ಷಯವನ್ನು ಹಿಡಿಯುವುದು ಹಾಗೆ. ಬೆಂಗಳೂರಿನಲ್ಲಿ ವೈದ್ಯರಾಗಿದ್ದ ಡಾ. ಎಂ. ಶಿವರಾಂ, ನಮ್ಮ 'ರಾಶಿ', 1942ರಲ್ಲಿ 'ಕೊರವಂಜಿ' ಎಂಬ ಹಾಸ್ಯಪತ್ರಿಕೆ ಶುರು ಮಾಡಿದ್ದು ನನಗೆ ಎಂದೂ ಆಶ್ಚರ್ಯವೆನಿಸಿಲ್ಲ. ದಿನವಿಡೀ ರೋಗಿಗಳ ಮಾತು ಕೇಳುವವರಿಗೆ ಸರಕಿನ ಬರವೇ?

ಮಾತು ಎಷ್ಟಾದರೂ ಆಗಲಿ, ಕೊನೆಗೆ ಸೂಜಿ ಬೇಕು. ಬರೀ ಮಾತ್ರೆ ಬರೆದುಕೊಟ್ಟರೆ "ಸೂಜಿ ಚುಚ್ಚದ ಮ್ಯಾಲೆ ನೀನ್ಯಾವ ಡಾಕ್ಟ್ರಪ್ಪಾ?" ಎಂದು ಗುಬ್ಬಿ ಕಡೆಯ ಅಜ್ಜಿಯರು ನೇರವಾಗಿ ಕೇಳುತ್ತಾರೆ. ಸುಸ್ತಾದವರಿಗಂತೂ 'ಗ್ಲೂಕೋಸ್' ಏರಿಸಲೇಬೇಕು. ಅರ್ಧ ಲೀಟರಿನ ಶೇಕಡ 5ರ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅಂದರೆ ನೂರು ಕ್ಯಾಲರಿಯೂ ತುಂಬುವುದಿಲ್ಲ. ಒಂದು ರಾಗಿ ಮುದ್ದೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿದೆ. ಆದರೆ ಮುದ್ದೆ ನುಂಗುವಾಗ ನೆಂಟರು ಹಣ್ಣು ಹಿಡಿದು ಸುತ್ತ ನಿಲ್ಲುವುದಿಲ್ಲ.

ಮುದ್ದೆ ಅಂದಾಗ ಸಕ್ಕರೆ ಕಾಯಿಲೆ ನೆನಪಾಯಿತು. ರಾಗಿ ಶುಗರಿಗೆ ಒಳ್ಳೆಯದು ಎಂಬ ಮಾತನ್ನು ನಮ್ಮವರು ಎಷ್ಟು ನಂಬಿದ್ದಾರೆಂದರೆ ಅನ್ನ ಬಿಟ್ಟು ಎರಡೆರಡು ಮುದ್ದೆ ಇಳಿಸುತ್ತಾರೆ. ಖಾಲಿ ಹೊಟ್ಟೆಯಲ್ಲಿ 126 ದಾಟಿದ ಸಕ್ಕರೆಗೆ ರಾಗಿ ಯಾವುದು ಅಕ್ಕಿ ಯಾವುದು ಎಂಬ ಭೇದ ಅಷ್ಟೇನೂ ಇಲ್ಲ. ಅದು ನೋಡುವುದು ಮುದ್ದೆಯ ಗಾತ್ರವನ್ನು. ಬಿಪಿಯ ಕಥೆ ಇನ್ನೊಂದು. 140/90 ದಾಟಿದರೂ ಬಹಳ ಜನರಿಗೆ ತಲೆಯೂ ನೋಯುವುದಿಲ್ಲ. ಮಾತ್ರೆ ತೆಗೆದುಕೊಂಡು ನಾರ್ಮಲ್ಲಿಗೆ ಬಂತೋ, "ವಾಸಿ ಆಯ್ತಲ್ಲ" ಎಂದು ಮಾತ್ರೆ ಬಿಡುತ್ತಾರೆ. ಮಾತ್ರೆಯಿಂದಲೇ ನಾರ್ಮಲ್ ಇತ್ತು ಎಂಬುದು ಮುಂದಿನ ಸಲ ಗೊತ್ತಾಗುತ್ತದೆ.

ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚುವವರಿಗೆ ನಮ್ಮಲ್ಲಿ ಡಾಕ್ಟರಿಗಿಂತ ಹೆಚ್ಚು ಹೆಸರು. ಸುತ್ತು ಪೂರ್ತಿಯಾಗಿ ತಲೆ ಬಾಲ ಕೂಡಿದರೆ ಜೀವ ಉಳಿಯುವುದಿಲ್ಲ ಎಂಬ ಭಯ ಬೇರೆ. ಅದು ಹಾವೂ ಅಲ್ಲ, ದೋಷವೂ ಅಲ್ಲ. ಚಿಕ್ಕಂದಿನಲ್ಲಿ ಬಂದ ಚಿಕನ್‌ಪಾಕ್ಸ್ 'ಅಮ್ಮ'ನ ವೈರಸ್ಸೇ ನರದಲ್ಲಿ ಮಲಗಿದ್ದು ವಯಸ್ಸಾದ ಮೇಲೆ ಏಳುತ್ತದೆ. ಮೈಯ ಒಂದೇ ಮಗ್ಗುಲಿಗೆ ಬರುವುದರಿಂದ ತಲೆ ಬಾಲ ಸಾಮಾನ್ಯವಾಗಿ ಕೂಡುವುದೇ ಇಲ್ಲ. ಬಹುಪಾಲು ಮೂರು ನಾಲ್ಕು ವಾರದಲ್ಲಿ ತಾನಾಗಿ ಒಣಗುತ್ತದೆ, ಕೀರ್ತಿ ಕೆಮ್ಮಣ್ಣಿಗೆ ಹೋಗುತ್ತದೆ. ಆದರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರು ಮಾಡಿದರೆ ಉಪಯೋಗ ಹೆಚ್ಚು. ಮಣ್ಣು ಕಲಸುವುದರಲ್ಲಿ ಆ ಹೊತ್ತು ಕಳೆದಿರುತ್ತದೆ.

ತಾನಾಗಿ ಹೋಗುವುದರಲ್ಲಿ ಶೀತವೂ ಹಾಗೇ. ಅದು ವೈರಸ್ಸಿನ ಕೆಲಸ, ಆಂಟಿಬಯಾಟಿಕ್ಕಿಗೆ ಅದರ ಗೊಡವೆಯಿಲ್ಲ. 'ಬಿಸಿನೀರು ಕುಡಿ, ಮಲಗು' ಎಂದು ಹೇಳಿ ಫೀಸು ತೆಗೆದುಕೊಳ್ಳಲು ಡಾಕ್ಟರಿಗೆ ಧೈರ್ಯ ಬೇಕು, ಕೊಡಲು ನಮಗೆ ಇನ್ನೂ ಹೆಚ್ಚಿನ ಧೈರ್ಯ ಬೇಕು. ಅವರ ವಿದ್ಯೆ ಇರುವುದೇ ಇಲ್ಲಿ: ತಾನಾಗಿ ಹೋಗುವ ನೂರು ಕಾಯಿಲೆಗಳ ನಡುವೆ, ಕಾಯಲು ಬಿಡದ ಒಂದನ್ನು ಗುರುತಿಸುವುದು.

ಆ ಒಂದು ಬಹಳ ಸಲ ಗ್ಯಾಸಿನ ವೇಷದಲ್ಲೇ ಬರುತ್ತದೆ. ಎದೆ ಹಿಂಡಿ, ಬೆವರು ಕಿತ್ತು, ಎಡಗೈ ಜೋಮು ಹಿಡಿದರೂ ನಮ್ಮವರು ಸೋಡಾ ಕುಡಿದು, ಜೀರಿಗೆ ಅಗಿದು ತೇಗಿಗೆ ಕಾಯುತ್ತಾರೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಜಯದೇವದಂಥ ಹೃದ್ರೋಗ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಹೃದಯಾಘಾತವಾಗಿದ್ದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಅಜ್ಜಿಯರು ಹಟ ಹಿಡಿದು ಕೇಳಬೇಕಾದ ಸೂಜಿ ಅದು.

ಆದ್ದರಿಂದ ನೆಗಡಿಗೆ ಡಾಕ್ಟರು ಏನೂ ಕೊಡದಿದ್ದರೆ ಬೈಯಬೇಡಿ. ಎದೆ ಹಿಂಡಿದಾಗ ಮಾತ್ರ ಸೋಡಾ ಅಂಗಡಿಗೆ ಹೋಗದೆ ಇಸಿಜಿ ಇರುವ ಕಡೆಗೆ ಹೋಗಿ. ಅಲ್ಲಿ ಗ್ಯಾಸೇ ಅಂತಾದರೆ ಮಾನವೇನೂ ಹೋಗುವುದಿಲ್ಲ, ನಿಮ್ಮ ರೋಗನಿರ್ಣಯವೇ ಸರಿ ಎಂದು ಬೆಂಚಿನ ಮೇಲೆ ಹೇಳಿಕೊಳ್ಳಬಹುದು.