ಏರ್‌ಪೋರ್ಟ್ ಮಾವ

ಪಿರಿಯಾಪಟ್ಟಣ, ಹುಣಸೂರು ಕಡೆಯ ಒಂದೊಂದು ಬಳಗದಲ್ಲೂ ಒಬ್ಬರು ಏರ್‌ಪೋರ್ಟ್ ಮಾವ ಇದ್ದೇ ಇರುತ್ತಾರೆ. ಸ್ವತಃ ವಿಮಾನ ಹತ್ತಿದವರಲ್ಲ, ಹತ್ತಿಸುವವರು. ಯಾರ ಮಗನಿಗೆ ವೀಸಾ ಬಂದರೂ ಮೊದಲು ಇಸ್ತ್ರಿಯಾಗುವುದು ಇವರ ಬಿಳಿ ಷರಟು.

ಕೆಂಪೇಗೌಡ ವಿಮಾನ ನಿಲ್ದಾಣವೆಂದರೆ ಮಾವನಿಗೆ ಧರ್ಮಸ್ಥಳವಿದ್ದಂತೆ. ಟೆಂಪೋ ಟ್ರಾವೆಲರ್ ತುಂಬದೆ ಹೊರಡುವಂತಿಲ್ಲ. ಹಾರುವವನು ಒಬ್ಬ, ಕೈ ಬೀಸಲು ಹನ್ನೊಂದು ಜನ. ವಿಮಾನ ನಸುಕಿನ ಮೂರಕ್ಕಾದರೆ ಹಿಂದಿನ ಮಧ್ಯಾಹ್ನವೇ ಗಾಡಿ ಬಿಡಬೇಕು. “ಹೆಬ್ಬಾಳದ ಟ್ರಾಫಿಕ್ಕು ನಿಂಗೇನ್ ಗೊತ್ತಪ್ಪಾ?”

ಮಾವ ತಂಬಾಕು ಬೆಳೆಗಾರರು. ಹರಾಜು ಮಾರುಕಟ್ಟೆಗೆ ಬೇಲ್ ಹೊತ್ತು ಹೊತ್ತು ತೂಕ ಕೈಗೇ ಹತ್ತಿಬಿಟ್ಟಿದೆ. ಸೂಟ್‌ಕೇಸನ್ನು ಗೇಣುದ್ದ ಎತ್ತಿ, ಕಣ್ಣು ಮುಚ್ಚಿ, “ಇಪ್ಪತ್ನಾಕೂವರೆ. ರಾಗಿಹಿಟ್ಟು ತೆಗಿ ಕಣಮ್ಮ” ಎಂದು ತಂಗಿಗೆ ತೀರ್ಪು ಕೊಡುತ್ತಾರೆ. ಮಿತಿ 23 ಕೆಜಿ. ತಂಗಿ ಪೊಟ್ಟಣ ತೆಗೆದಿಟ್ಟು, ಅಣ್ಣ ಅತ್ತ ತಿರುಗಿದೊಡನೆ ಮತ್ತೆ ತುರುಕುತ್ತಾಳೆ. ಕೌಂಟರಿನಲ್ಲಿ ಸರಿಯಾಗಿ ಒಂದೂವರೆ ಕೆಜಿ ಹೆಚ್ಚು ಬರುತ್ತದೆ.

2023ರಲ್ಲಿ ಉದ್ಘಾಟನೆಯಾದ ಬೆಂಗಳೂರು ಹೆದ್ದಾರಿ ಮಾವನಿಗೆ ಅಷ್ಟಾಗಿ ಹಿಡಿಸಿಲ್ಲ. ಮದ್ದೂರಿನ ತಲೆಯ ಮೇಲೇ ಹಾದುಹೋಗುತ್ತದಲ್ಲ, ವಡೆ ತಿನ್ನುವುದೆಲ್ಲಿ? ಡ್ರೈವರನನ್ನು ಗದರಿ ಸರ್ವಿಸ್ ರಸ್ತೆಗೆ ಇಳಿಸುತ್ತಾರೆ. ಉಳಿಸಿದ ಹೊತ್ತೆಲ್ಲ ಅಲ್ಲೇ ಖರ್ಚು. ಸಾದಹಳ್ಳಿ ಟೋಲ್ ದಾಟಿ, ಕೆಂಪೇಗೌಡರ 108 ಅಡಿ ಪ್ರತಿಮೆಯೆದುರು ಫೋಟೊ ಮುಗಿಸಿ ಬಾಗಿಲಿಗೆ ಬಂದರೆ, ಟಿಕೆಟ್ ಇಲ್ಲದವರನ್ನು ಸಿಐಎಸ್‌ಎಫ್‌ನವರು ಒಳಗೆ ಬಿಡುವುದಿಲ್ಲ. ಮಾವ ಎದೆಗುಂದುವವರಲ್ಲ. ಗಾಜಿನ ಈಚೆ ನಿಂತು ಫೋನಿನಲ್ಲೇ, “ಎಡಕ್ ತಿರುಗ್ಲಾ, ಎಡಕ್ಕೆ!” ಎಂದು ತಾವು ಕಾಲಿಡದ ಟರ್ಮಿನಲ್ಲಿನಲ್ಲಿ ಅಳಿಯನನ್ನು ನಡೆಸುತ್ತಾರೆ. ಅವನು ಬಲಕ್ಕೆ ಹೋಗಿ ಸರಿಯಾದ ಜಾಗ ಸೇರಿಕೊಳ್ಳುತ್ತಾನೆ.

ಮೈಸೂರಿನಿಂದ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರ ವಿಮಾನ ನಿಲ್ದಾಣಕ್ಕೇ ಹೋಗುತ್ತದೆ ಎಂದು ಯಾರೋ ಒಮ್ಮೆ ಬಾಯಿಬಿಟ್ಟರು. “ಬಸ್ಸಲ್ಲಿ ಕಳಿಸಿದ್ರು ಅಂತ ಬೀಗ್ರು ಆಡ್ಕೊಳಲ್ವಾ?” ಮಾತು ಅಲ್ಲಿಗೇ ನಿಂತಿತು. ಮಂಡಕಳ್ಳಿಯ ಮೈಸೂರು ವಿಮಾನ ನಿಲ್ದಾಣವಂತೂ ಮಾವನ ಲೆಕ್ಕಕ್ಕೇ ಇಲ್ಲ. ಅಷ್ಟು ಹತ್ತಿರಕ್ಕೆ ಹೋಗಲು ಮಾವ ಯಾಕೆ ಬೇಕು?

ನಿಮ್ಮ ಮನೆಯಲ್ಲೂ ಯಾರಿಗಾದರೂ ವೀಸಾ ಬಂದಿದ್ದರೆ, ಫ್ಲೈಬಸ್ಸಿನಲ್ಲಿ ಒಂದು ಸೀಟು ಕಾದಿರಿಸಿದ ಮೇಲೆಯೇ ಮಾವನಿಗೆ ತಾರೀಖು ತಿಳಿಸಿ. ಮೈಸೂರು ಬಸ್ ನಿಲ್ದಾಣದವರೆಗೆ ಹೇಗೂ ಬಂದೇ ಬರುತ್ತಾರೆ. ಅಷ್ಟಕ್ಕೆ ಅಡ್ಡಿ ಮಾಡಬೇಡಿ. ಸೂಟ್‌ಕೇಸಿನ ತೂಕವನ್ನು ಮಾತ್ರ ಅವರ ಕೈಯಲ್ಲೇ ನೋಡಿಸಿ.